ನೀರು ಅರ್ಧ

ಜೂನ್ ೬

ಮಾವನವರಿಗೆ ನಮಸ್ಕಾರ.

ತಲುಪಿದ್ದೇನೆ. ಬಸ್ಸು ಎಲ್ಲೂ ಕೆಟ್ಟು ನಿಲ್ಲಲಿಲ್ಲ. ಇಳಿಜಾರಿನ ತಿರುವು ಬರುವ ಹೊತ್ತಿಗೆ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡೆ. ಎರಡು ವರ್ಷದ ಹಿಂದೆ ನಿಮ್ಮ ಮಗ ಇದೇ ಬಾಯ್ಲರ್ ಪರೀಕ್ಷೆ ಬರೆದು ಬರುವಾಗ ಬಸ್ಸು ಉರುಳಿದ ಜಾಗ ದಾಟಿತು ಎಂದು ಕಣ್ಣು ಮುಚ್ಚಿದ್ದರೂ ತಿಳಿಯಿತು. ಮಾತಾಡುತ್ತಿದ್ದವರೆಲ್ಲ ಒಂದು ಗಳಿಗೆ ಸುಮ್ಮನಾಗಿ ಮತ್ತೆ ಶುರುಮಾಡಿದರು.

ತರಬೇತಿ ಕೇಂದ್ರ ಒಂದು ಹಳೆಯ ಗೋದಾಮು. ನಲವತ್ತು ಜನಕ್ಕೆ ಬೆಂಚು ಹಾಕಿದ್ದಾರೆ, ಬಂದಿರುವವರು ಒಂಬತ್ತು. ಮೂವತ್ತೊಂಬತ್ತು ವರ್ಷದ ನಾನೇ ಎಲ್ಲರಿಗಿಂತ ಚಿಕ್ಕವಳು. ಒಬ್ಬರು ಬಸ್ ಕಂಡಕ್ಟರ್ ಆಗಿದ್ದವರು, ಇಬ್ಬರು ಮುಚ್ಚಿದ ನೂಲಿನ ಗಿರಣಿಯವರು. ಕಲಿಸುವ ಮೇಷ್ಟ್ರಿಗೆ ಎಪ್ಪತ್ತಮೂರು. "ನನಗೆ ಎರಡು ಸಲ ನಿವೃತ್ತಿ ಆಗಿದೆ. ಎರಡು ಸಲವೂ ಗೋಡೆ ಗಡಿಯಾರ ಕೊಟ್ಟು ಕಳಿಸಿದರು, ಮಾರನೇ ವಾರ ವಾಪಸ್ ಕರೆದರು. ಆ ಗಡಿಯಾರ ಎರಡೂ ನಿಂತಿವೆ, ನಾನೊಬ್ಬನೇ ಓಡುತ್ತಿದ್ದೇನೆ" ಎಂದರು.

ಯಾವ ಕಡೆಯವರು ಎಂದು ಕೇಳಿದಾಗ ಬಾಯಿ ತಪ್ಪಿ "ಆಸ್ಪತ್ರೆ ಬಾಯ್ಲರ್ ಮನೆಯ ಸೊಸೆ" ಎಂದುಬಿಟ್ಟೆ. ಈಗ ಐವತ್ತೆಂಟರ ಕಂಡಕ್ಟರ್ ಕೂಡ ನನ್ನನ್ನು ಸೊಸೆಯಮ್ಮ ಎಂದೇ ಕರೆಯುತ್ತಾರೆ. ಆಸ್ಪತ್ರೆಯ ಹರಿದ ಹಾಸಿಗೆ ಬಟ್ಟೆ ಹೊಲಿಯುತ್ತಿದ್ದವಳು ಬಾಯ್ಲರ್ ನಡೆಸುತ್ತಾಳೆಯೇ ಎಂದು ಇಲ್ಲಿ ಯಾರೂ ನಗಲಿಲ್ಲ. ನಗುವಷ್ಟು ಜನ ಇಲ್ಲ.

ಮಾತ್ರೆ ಅಡುಗೆಮನೆಯ ಮೇಲಿನ ಗೂಡಿನಲ್ಲಿದೆ. ಮರೆಯಬೇಡಿ.

ನಿಮ್ಮ ಸೊಸೆ

ಜೂನ್ ೧೯

ಮಗಳೇ,

ಪತ್ರದ ತಲೆಗೆ ಮೊದಲು ಬರೆಯುತ್ತಿದ್ದ ಒಕ್ಕಣೆ ಈಗ ಬರೆಯುವಂತಿಲ್ಲ. ಯೋಚಿಸಿ ಯೋಚಿಸಿ ಇಷ್ಟೇ ಬರೆದಿದ್ದೇನೆ.

ಇಲ್ಲಿ ಎಲ್ಲ ಹಾಗೇ ಇದೆ. ಒಂದು ಕಾಲದಲ್ಲಿ ಈ ಬಾಯ್ಲರ್ ಮನೆಯಲ್ಲಿ ಸರ್ಟಿಫಿಕೇಟ್ ಇದ್ದವರು ನಾಲ್ಕು ಜನ ಇದ್ದೆವು. ಒಬ್ಬ ತೀರಿಕೊಂಡ, ಒಬ್ಬನಿಗೆ ಲಕ್ವ ಹೊಡೆಯಿತು, ಒಬ್ಬ ಮಗಳ ಮನೆ ಸೇರಿದ. ಉಳಿದವನು ಎಪ್ಪತ್ತೊಂದರ ನಾನು. ಸರ್ಟಿಫಿಕೇಟಿನವನು ಎದುರಿಗೆ ಇಲ್ಲದೆ ಬೆಂಕಿ ಹಾಕುವಂತಿಲ್ಲ, ಅದು ಕಾನೂನು. ಬೆಂಕಿ ಇಲ್ಲದೆ ಹಬೆ ಇಲ್ಲ. ಹಬೆ ಇಲ್ಲದೆ ಡಾಕ್ಟರ ಕತ್ತರಿ ಚಾಕು ಶುದ್ಧವಾಗುವುದಿಲ್ಲ, ಬಟ್ಟೆ ಬೇಯುವುದಿಲ್ಲ. ಮೊನ್ನೆ ಎರಡು ಸಲ ಸೀನಿದೆ. ದೊಡ್ಡ ಡಾಕ್ಟರೇ ಇಳಿದು ಬಂದು ನಾಡಿ ಹಿಡಿದರು. "ಯಜಮಾನರೇ, ನೀವು ಸೀನಿದರೆ ನನ್ನ ಆಪರೇಷನ್ ಕೋಣೆಗೆ ಜ್ವರ ಬರುತ್ತೆ" ಅಂದರು. ಊರು ಹೋಗು ಅನ್ನುವ, ಕಾಡು ಬಾ ಅನ್ನುವ ವಯಸ್ಸು ನನ್ನದು. ಆಸ್ಪತ್ರೆ ಮಾತ್ರ ಕೂತ್ಕೋ ಅನ್ನುತ್ತದೆ.

ಮೇಷ್ಟ್ರು ಹೇಳುವ ಮೊದಲು ನಾನೇ ಒಂದು ಪಾಠ ಹೇಳುತ್ತೇನೆ. ಬಾಯ್ಲರಿನ ಮುಂದೆ ಉದ್ದಕ್ಕೆ ಒಂದು ಗಾಜಿನ ಕೊಳವೆ ಇರುತ್ತದಲ್ಲ, ಒಳಗಿನ ನೀರಿನ ಮಟ್ಟ ತೋರಿಸುವುದು. ಅದರಲ್ಲಿ ನೀರು ಅರ್ಧಕ್ಕೆ ನಿಂತಿದ್ದರೆ ಗೆರೆ ಕಾಣುತ್ತದೆ. ಪೂರ್ತಿ ತುಂಬಿದರೆ ಗೆರೆ ಇಲ್ಲ. ಪೂರ್ತಿ ಖಾಲಿಯಾದರೂ ಗೆರೆ ಇಲ್ಲ. ತುಂಬಿದ ಗಾಜೂ ಖಾಲಿ ಗಾಜೂ ನೋಡಲು ಒಂದೇ. ಬರೀ ಕಣ್ಣನ್ನು ನಂಬಬೇಡ, ಕೆಳಗಿನ ನಲ್ಲಿ ಬಿಟ್ಟು ಪರೀಕ್ಷಿಸು. ಖಾಲಿ ಎಂದು ಗೊತ್ತಾದರೆ ಗಾಬರಿಯಲ್ಲಿ ನೀರು ಬಿಡಬೇಡ. ಕಾದು ಕೆಂಪಾದ ಕಬ್ಬಿಣಕ್ಕೆ ತಣ್ಣೀರು ತಾಕಿದರೆ ಬಾಯ್ಲರ್ ಸಿಡಿಯುತ್ತದೆ. ಮೊದಲು ಬೆಂಕಿ ತೆಗೆ.

ಮಗ ಇದ್ದಾಗ ಗಂಟೆಗೊಮ್ಮೆ ಗಾಜು ನೋಡಿ "ನೀರು ಅರ್ಧ" ಎಂದು ಕೂಗುತ್ತಿದ್ದ. ನಾನು ಲಾಗ್ ಪುಸ್ತಕದಲ್ಲಿ ಅರ್ಧ ಎಂದು ಬರೆಯುತ್ತಿದ್ದೆ. ಹದಿನಾರು ವರ್ಷ ಹೀಗೇ ನಡೆಯಿತು. ಅವನ ಸ್ಟೂಲನ್ನು ಯಾರಿಗೂ ಕೊಟ್ಟಿಲ್ಲ.

ನಿನ್ನ ಮಾವ

ಜುಲೈ ೨೮

ಮಾವನವರಿಗೆ ನಮಸ್ಕಾರ.

ಗಾಜಿನ ಪಾಠ ಬಂದ ದಿನ ಮೇಷ್ಟ್ರು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. "ಯಾರಮ್ಮ ಹೇಳಿಕೊಟ್ಟವರು?" ಎಂದರು. ಮನೆಪಾಠ ಎಂದೆ.

ಲೆಕ್ಕ ಮಾತ್ರ ತಲೆಗೆ ಹತ್ತುತ್ತಿಲ್ಲ. ಒತ್ತಡ, ಶಾಖ, ಕಲ್ಲಿದ್ದಲಿನ ತೂಕ ಎಲ್ಲ ಒಂದರೊಳಗೊಂದು ಕಲಸಿಹೋಗುತ್ತದೆ. ಕಂಡಕ್ಟರ್ ಅಣ್ಣ ಬಾಯಲ್ಲೇ ಭಾಗಾಕಾರ ಮಾಡಿ ತೋರಿಸುತ್ತಾರೆ. ನಾನು ಹೊಲಿಗೆ ಟೇಪು ನೆನೆಸಿಕೊಂಡು ಲೆಕ್ಕ ಮಾಡುತ್ತೇನೆ, ಅದರಲ್ಲಿ ಸ್ವಲ್ಪ ಬರುತ್ತದೆ.

ವಾರಕ್ಕೆ ಒಬ್ಬರಾದರೂ ಹೊರಗಿನಿಂದ ಬಂದು ಮೇಷ್ಟ್ರ ಬಾಗಿಲಲ್ಲಿ ನಿಲ್ಲುತ್ತಾರೆ. ಡೈರಿಯವರು, ಕಾಗದದ ಕಾರ್ಖಾನೆಯವರು, ಬೇರೆ ಆಸ್ಪತ್ರೆಯವರು. ಎಲ್ಲರ ಕಡೆಯೂ ಮುದುಕರೇ ಉಳಿದಿದ್ದಾರಂತೆ. ನಮ್ಮ ಪರೀಕ್ಷೆ ಆಗುವ ಮೊದಲೇ ಹೆಣ್ಣು ನೋಡಲು ಬಂದವರ ಹಾಗೆ ನೋಡಿ ಹೋಗುತ್ತಾರೆ. ಮೇಷ್ಟ್ರು ನಿನ್ನೆ ಅವರಿಗೆ "ಹೆಣ್ಣು ಒಂಬತ್ತು, ವರ ಮೂವತ್ತು. ಹೆಣ್ಣುಗಳಿಗೆ ಮಂಡಿನೋವು ಬೇರೆ" ಎಂದರು. ಎಲ್ಲರೂ ನಕ್ಕೆವು. ಬಂದವರು ನಗಲಿಲ್ಲ.

ಮಾವ, ನಿಮ್ಮ ಪತ್ರದಲ್ಲಿ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹತ್ತಿಕೊಂಡಿದೆ. ಎರಡು ಕಡೆ ಓದಲಾಗಲಿಲ್ಲ. ಲಾಗ್ ಪುಸ್ತಕದಲ್ಲಿ ಮುತ್ತು ಪೋಣಿಸಿದ ಹಾಗೆ ಬರೆಯುವವರು ನೀವು. ಕೈ ನಡುಗುತ್ತಿದೆಯೇ?

ನಿಮ್ಮ ಸೊಸೆ

ಆಗಸ್ಟ್ ೩೦

ಮಗಳೇ,

ನಾನು ಹೇಳುತ್ತಿದ್ದೇನೆ, ಆಸ್ಪತ್ರೆ ಬಟ್ಟೆಕೋಣೆಯ ಇಸ್ತ್ರಿ ಅಕ್ಕ ಬರೆಯುತ್ತಿದ್ದಾಳೆ. ಬಲಗೈ ಸ್ವಲ್ಪ ಉಳುಕಿದೆ, ಅಷ್ಟೇ. ಗಾಬರಿ ಬೇಡ. ಬಾಯ್ಲರ್ ಚೆನ್ನಾಗಿ ನಡೆಯುತ್ತಿದೆ. ಈ ತಿಂಗಳು ಹನ್ನೊಂದು ಹೆರಿಗೆ ಆಪರೇಷನ್ ಆದವು ಎಂದು ದೊಡ್ಡ ಡಾಕ್ಟರ್ ಹೇಳಿದರು. ಹೆತ್ತವರಿಗೆ ನಾನು ಯಾರೆಂದು ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ.

ಲೆಕ್ಕಕ್ಕೆ ಹೆದರಬೇಡ. ಅವನೂ ಲೆಕ್ಕದಲ್ಲೇ ಎರಡು ಸಲ ಎಡವಿದ್ದು. ಓದು.

ನಿನ್ನ ಮಾವ

ಇನ್ನು ಇದು ನನ್ನ ಮಾತು ಕಣೇ. ಯಜಮಾನರು ನೀರು ಕುಡಿಯಲು ಎದ್ದಿದ್ದಾರೆ, ಬೇಗ ಬರೀತೀನಿ. ಕೈಗೆ ಯಾವ ಉಳುಕೂ ಇಲ್ಲ, ಉಳುಕಿರೋದು ಕಣ್ಣು. ನಡುವಿನಲ್ಲಿ ಇಟ್ಟಿದ್ದು ಕಾಣಲ್ಲ, ಬದಿಯಲ್ಲಿ ಇಟ್ಟಿದ್ದು ಮಸುಕು. ಕಣ್ಣಿನ ಡಾಕ್ಟರು ನರ ಒಣಗಿದೆ, ಆಪರೇಷನ್ನಿಂದ ಏನೂ ಆಗಲ್ಲ ಅಂದರಂತೆ. ನೀನು ಹೋಗೋ ಮೊದಲೇ ಶುರುವಾಗಿತ್ತು. ಗಂಟೆಗೊಂದು ಸಲ ನಾನು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಓಡಿಹೋಗಿ ಗಾಜು ನೋಡಿ ಕೂಗಿ ಬರ್ತೀನಿ. ನನಗೆ ಬಾಯ್ಲರ್ ಅಂದರೆ ಏನು ಗೊತ್ತು ಹೇಳು? ಗೆರೆ ಎಲ್ಲಿದೆ ಅಂತ ಕೇಳ್ತಾರೆ, ಹೇಳ್ತೀನಿ. ಇಸ್ತ್ರಿ ಮಾಡೋವಾಗ ಎರಡು ಪ್ಯಾಂಟು ಸುಟ್ಟಿದ್ದೀನಿ ಈ ಓಡಾಟದಲ್ಲಿ, ಅದರಲ್ಲಿ ಒಂದು ದೊಡ್ಡ ಡಾಕ್ಟರದು.

ನಿನಗೆ ಹೇಳಬಾರದು ಅಂತ ಆಣೆ ಹಾಕಿಸಿಕೊಂಡಿದ್ದಾರೆ. ನಾನು ಹೇಳಿಲ್ಲ. ಬರೆದಿದ್ದೀನಿ.

ಇಸ್ತ್ರಿ ಅಕ್ಕ

ಸೆಪ್ಟೆಂಬರ್ ೧೬

ಮಾವನವರಿಗೆ ನಮಸ್ಕಾರ.

ಅಕ್ಕ, ಇದನ್ನು ಅವರಿಗೆ ಪೂರ್ತಿ ಓದಿ ಹೇಳು. ಯಾವುದನ್ನೂ ಬಿಡಬೇಡ.

ಕಣ್ಣಿನ ವಿಷಯ ನನಗೆ ಗೊತ್ತಾಗಿದೆ. ಅಕ್ಕನನ್ನು ಬಯ್ಯಬೇಡಿ. "ನಾಳೆಯೇ ಕೆಲಸ ಬಿಡಿ" ಎಂದು ಒಂದು ಪತ್ರ ಬರೆದಿದ್ದೆ. ಅದನ್ನು ಹರಿದುಹಾಕಿ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೊಸ ನಿಯಮ ಹೇಳಿದ್ದಾರೆ. ಡಿಸೆಂಬರಿನಲ್ಲಿ ಪಾಸಾದರೂ ತಕ್ಷಣ ಒಬ್ಬರೇ ಬಾಯ್ಲರ್ ನಡೆಸುವಂತಿಲ್ಲ. ಸರ್ಟಿಫಿಕೇಟ್ ಇರುವವರ ಕೈಕೆಳಗೆ ಒಂದು ವರ್ಷ ಕೆಲಸ ಮಾಡಬೇಕು, ಅವರು ಸಹಿ ಹಾಕಬೇಕು. ನಮ್ಮ ಕಡೆ ಸರ್ಟಿಫಿಕೇಟ್ ಇರುವುದು ನಿಮಗೊಬ್ಬರಿಗೇ. ನೀವು ಬಿಟ್ಟರೆ ನಾನು ಪಾಸಾಗಿಯೂ ಅಲ್ಲಿಗೆ ಬರಲಾಗುವುದಿಲ್ಲ. ಬಾಯ್ಲರ್ ಆರುತ್ತದೆ, ಆಪರೇಷನ್ ಕೋಣೆಗೆ ಬೀಗ ಬೀಳುತ್ತದೆ. ನಾನು ಇಲ್ಲಿ ಯಾರದೋ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿರುತ್ತೇನೆ. ನನಗೆ ಬೇರೆಲ್ಲೂ ಬೆಂಕಿ ಹಾಕುವ ಆಸೆ ಇಲ್ಲ, ಮಾವ. ನಿಮ್ಮ ಮಗ ಕೂತ ಸ್ಟೂಲಿನ ಮೇಲೆ ಕೂರಬೇಕು ಎಂದೇ ನಾನು ಬಂದದ್ದು.

ಹೇಗಾದರೂ ಇನ್ನೊಂದು ವರ್ಷ ತಡೆದುಕೊಳ್ಳಿ. ಜನವರಿಯಿಂದ ನಾನೇ ಪಕ್ಕದಲ್ಲಿರುತ್ತೇನೆ, ನನ್ನ ಕಣ್ಣು ನಿಮ್ಮದೇ. ಅಲ್ಲಿಯವರೆಗೆ ಅಕ್ಕ ನೋಡಿ ಹೇಳಲಿ.

ಹೀಗೆ ಕೇಳುವುದು ತಪ್ಪು ಎಂದು ಗೊತ್ತು. ಗೊತ್ತಿದ್ದೂ ಕೇಳುತ್ತಿದ್ದೇನೆ.

ನಿಮ್ಮ ಸೊಸೆ

ಸೆಪ್ಟೆಂಬರ್ ೨೫

ಮಗಳೇ,

ಆಯಿತು. ಒಂದು ವರ್ಷ.

ನಿನ್ನ ಮಾವ

(ಇಷ್ಟೇ ಬರಿ ಅಂದರು. ಇಷ್ಟೇ ಬರೆದಿದ್ದೀನಿ. – ಇಸ್ತ್ರಿ ಅಕ್ಕ)

ನವೆಂಬರ್ ೨೧

ಮಗಳೇ,

ಈ ಪತ್ರ ನಾನೇ ಬರೆಯುತ್ತಿದ್ದೇನೆ. ಅಡ್ಡಪಟ್ಟಿ ಇಟ್ಟುಕೊಂಡು, ಅಕ್ಷರ ದೊಡ್ಡದು ಮಾಡಿ ಬರೆಯುತ್ತಿದ್ದೇನೆ. ಒಂದು ಹಾಳೆಗೆ ಆರೇ ಸಾಲು ಹಿಡಿಯುತ್ತದೆ. ಹಾಳೆ ಹೆಚ್ಚಾದರೆ ಬೇಸರ ಮಾಡಿಕೊಳ್ಳಬೇಡ.

ಹದಿಮೂರನೇ ತಾರೀಕು ಅಕ್ಕ ಇರಲಿಲ್ಲ. ಅವಳ ತಂಗಿಗೆ ಹುಷಾರಿಲ್ಲ ಎಂದು ಬೆಳಿಗ್ಗೆಯೇ ಹೋಗಿದ್ದಳು. "ಇವತ್ತು ಬೆಂಕಿ ಹಾಕಬೇಡಿ ಯಜಮಾನರೇ" ಎಂದು ಹೇಳಿಯೇ ಹೋದಳು. ಮೂರು ಆಪರೇಷನ್ ಇದ್ದವು. ಹಾಕಿದೆ. ಗಾಜಿನ ಹತ್ತಿರ ಮುಖ ಇಟ್ಟರೆ ಬದಿಗಣ್ಣಿನಲ್ಲಿ ಗೆರೆ ಸ್ವಲ್ಪ ಕಾಣುತ್ತದೆ, ಒಂದು ದಿನಕ್ಕೆ ಸಾಕು ಅಂದುಕೊಂಡೆ.

ಹತ್ತು ಗಂಟೆಗೆ ಹಾಗೆ ನೋಡಿಯೇ ಬರೆದೆ. ಹನ್ನೊಂದಕ್ಕೂ ನೋಡಿಯೇ ಬರೆದೆ. ಹನ್ನೆರಡಕ್ಕೆ ಪುಸ್ತಕ ತೆರೆದೆ. ಹಿಂದಿನಿಂದ "ನೀರು ಅರ್ಧ" ಎಂದು ಕೇಳಿಸಿತು. ಅರ್ಧ ಎಂದು ಬರೆದು ಪುಸ್ತಕ ಮುಚ್ಚಿದೆ.

ಅವನ ದನಿ. ಇದು ಮೊದಲ ಸಲ ಅಲ್ಲ. ಎರಡು ವರ್ಷದಿಂದ ಕೇಳಿಸುತ್ತಿದೆ, ದಿನಕ್ಕೆ ಒಂದೆರಡು ಸಲ. ಕಣ್ಣು ಸರಿ ಇದ್ದಾಗ ಅದನ್ನು ಕೇಳಿಸಿಕೊಂಡ ಮೇಲೂ ಎದ್ದು ಹೋಗಿ ಗಾಜು ನೋಡುತ್ತಿದ್ದೆ. ಅಕ್ಕ ಕೂಗಲು ಶುರುಮಾಡಿದ ಮೇಲೆ ಕೇಳಿಸಿಕೊಂಡು ಬರೆಯುವುದೇ ಅಭ್ಯಾಸವಾಯಿತು. ಆ ದಿನ ಯಾರು ಕೂಗಿದರು ಎಂದು ಯೋಚನೆ ಬರಲೇ ಇಲ್ಲ.

ನೀರೆತ್ತುವ ಪಂಪು ಆಗಲೇ ಕಟ್ಟಿಕೊಂಡಿತ್ತು. ಗಾಜು ಪೂರ್ತಿ ಖಾಲಿ. ಪುಣ್ಯಕ್ಕೆ ಬಾಯ್ಲರಿನೊಳಗೆ ಒಂದು ಸೀಸದ ಬಿರಡೆ ಇರುತ್ತದೆ, ನೀರು ತೀರಿದರೆ ಅದು ತಾನೇ ಕರಗಿ ಹಬೆಯನ್ನು ಬೆಂಕಿಯ ಮೇಲೆ ಬಿಡುತ್ತದೆ. ಅದು ಕರಗಿತು. ಬೆಂಕಿ ಸತ್ತಿತು. ಇಲ್ಲದಿದ್ದರೆ ಗೋಡೆಯ ಆಚೆ ಹೆರಿಗೆ ವಾರ್ಡು. ಯಾರಿಗೂ ಏನೂ ಆಗಲಿಲ್ಲ. ಆಗಲಿಲ್ಲ ಎಂದು ಹೇಳಿಕೊಳ್ಳಲು ನನಗೆ ಮುಖ ಇಲ್ಲ. ಬಾಯ್ಲರ್ ಮನೆಯಲ್ಲಿ ನಲವತ್ತೆರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವನು ನಾನು, ಕೊನೆಗೆ ನನ್ನ ಕೆಲಸವನ್ನು ಒಂದು ತುಂಡು ಸೀಸ ಮಾಡಿತು.

ಲಾಗ್ ಪುಸ್ತಕದಲ್ಲಿ ಹನ್ನೆರಡು ಗಂಟೆಯ ಸಾಲು ಹೊಡೆದುಹಾಕಿ ಪಕ್ಕದಲ್ಲಿ "ನೋಡದೆ ಬರೆದದ್ದು" ಎಂದು ಬರೆದು ಸಹಿ ಹಾಕಿದೆ. ಇನ್‌ಸ್ಪೆಕ್ಟರ್ ಬಂದಾಗ ಸರ್ಟಿಫಿಕೇಟ್ ಅವರ ಕೈಗೆ ಕೊಟ್ಟೆ. "ಇದನ್ನೆಲ್ಲ ಬರೆಯಬೇಕಿರಲಿಲ್ಲವಲ್ಲ, ಪಂಪು ಕೆಟ್ಟಿತು ಅಂದಿದ್ದರೆ ಸಾಕಿತ್ತು. ಇನ್ನು ಇಲ್ಲಿಗೆ ಯಾರನ್ನು ತರಲಿ?" ಎಂದು ಅವರೇ ಬೇಜಾರು ಮಾಡಿಕೊಂಡರು. ನಿನಗೆ ಕೊಟ್ಟ ಒಂದು ವರ್ಷದ ಮಾತು ಮುರಿದಿದ್ದೇನೆ. ಕ್ಷಮಿಸು.

ಇನ್ನೊಂದು ಹೇಳಬೇಕು. ಇದನ್ನು ಅಕ್ಕನ ಕೈಲಿ ಬರೆಸಲಾಗಲಿಲ್ಲ, ಅದಕ್ಕೇ ನಾನೇ ಬರೆದದ್ದು. ಅವನು ಪರೀಕ್ಷೆಗೆ ಹೊರಟ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ "ಈ ಸಲವೂ ಪಾಸಾಗದಿದ್ದರೆ ಮನೆಗೆ ಬರಬೇಡ" ಎಂದೆ. ಅವನಿಗೆ ಬೈಯಬೇಕೆಂದು ಅಲ್ಲ. ಎಲ್ಲ ಅಪ್ಪಂದಿರೂ ಆಡುವ ಮಾತು, ನನ್ನಪ್ಪನೂ ನನಗೆ ಆಡಿದ್ದ. ಅವನು ಬರಲಿಲ್ಲ. ತಿಂಗಳಾದ ಮೇಲೆ ಫಲಿತಾಂಶದ ಕಾರ್ಡು ಬಂತು. ನಿನಗೆ ತೋರಿಸಲಿಲ್ಲ. ಮೂರು ಅಂಕ ಕಡಿಮೆ.

ನೀನು ಪಾಸಾಗು, ನಪಾಸಾಗು. ಬರುವುದಾದರೆ ಮನೆಗೆ ಬಾ. ಇದನ್ನು ಅವನಿಗೆ ಹೇಳಬೇಕಿತ್ತು.

ನಿನ್ನ ಮಾವ

ಜನವರಿ ೮

ಮಾವನವರಿಗೆ ನಮಸ್ಕಾರ.

ಉತ್ತರ ಬರೆಯಲು ಏಳು ವಾರ ಹಿಡಿಯಿತು. ಪರೀಕ್ಷೆ ಇತ್ತು ಎನ್ನಬಹುದು. ಪರೀಕ್ಷೆ ಒಂದೇ ದಿನ ಇತ್ತು.

ಪಾಸಾಗಿದ್ದೇನೆ. ಒಂಬತ್ತು ಜನರಲ್ಲಿ ಐವರು ಪಾಸು. ಕಂಡಕ್ಟರ್ ಅಣ್ಣ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದು, ಬಾಯ್ಲರ್ ಭಾಗಗಳ ಹೆಸರು ಬರೆಯುವುದರಲ್ಲಿ ನಪಾಸು. "ಸ್ಟಾಪ್‌ಗಳ ಹೆಸರಾಗಿದ್ದರೆ ಒಂದೂ ಬಿಡುತ್ತಿರಲಿಲ್ಲ, ಸೊಸೆಯಮ್ಮ" ಎಂದು ನಗಿಸಿದರು. ಆಮೇಲೆ ಬೆಂಚಿನ ತುದಿಯಲ್ಲಿ ಒಬ್ಬರೇ ಬಹಳ ಹೊತ್ತು ಕೂತಿದ್ದರು.

ನನ್ನನ್ನು ಇಲ್ಲಿಯ ದೊಡ್ಡ ಆಸ್ಪತ್ರೆಯವರು ತೆಗೆದುಕೊಂಡಿದ್ದಾರೆ. ಅರವತ್ತಾರರ ಒಬ್ಬರ ಕೈಕೆಳಗೆ ಒಂದು ವರ್ಷ. ಅದಾದ ಮೇಲೆ ಅಲ್ಲಿಗೆ ಬರಬಹುದು. ಅಷ್ಟರಲ್ಲಿ ಅಲ್ಲಿಯ ಬಾಯ್ಲರನ್ನು ಗುಜರಿಗೆ ಹಾಕುತ್ತಾರೆ ಎಂದು ದೊಡ್ಡ ಡಾಕ್ಟರ್ ಕಾಗದ ಬರೆದಿದ್ದರು.

ಮಾವ, ಒಂದು ವರ್ಷ ತಡೆದುಕೊಳ್ಳಿ ಎಂದವಳು ನಾನು. ನಿಮ್ಮ ಕಣ್ಣಿನ ವಿಷಯ ಗೊತ್ತಿದ್ದೂ ಹಾಗೆಂದೆ. ಗೋಡೆಯಾಚೆಯ ಹೆರಿಗೆ ವಾರ್ಡು ನನಗೂ ಗೊತ್ತಿತ್ತು, ಅದರ ಹಾಸಿಗೆ ಬಟ್ಟೆ ಹದಿನಾಲ್ಕು ವರ್ಷ ಹೊಲಿದವಳು ನಾನು. ಇದರಲ್ಲಿ ನನ್ನ ತಪ್ಪೂ ಇದೆ ಎಂದು ನೀವು ನಿಮ್ಮ ಪತ್ರದಲ್ಲಿ ಒಂದು ಸಾಲಿನಲ್ಲೂ ಹೇಳಿಲ್ಲ. ನಾನು ಹೇಳುತ್ತಿದ್ದೇನೆ.

ನೀವು ಅವರಿಗೆ ಮನೆಗೆ ಬರಬೇಡ ಅಂದದ್ದು ನನಗೆ ಗೊತ್ತಿತ್ತು. ಆಗ ನಾನು ಅಡುಗೆಮನೆಯಲ್ಲಿದ್ದೆ, ಕೇಳಿಸಿತು. ನಿಮಗೆ ಗೊತ್ತಿಲ್ಲದ್ದು ಆಮೇಲೆ ನಡೆದದ್ದು. ನೀವು ಒಳಗೆ ಹೋದ ಮೇಲೆ ಅವರು ಚಪ್ಪಲಿ ಕಾಲಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದರು. ನಗುತ್ತಿದ್ದರು. "ಕೇಳಿಸಿತಾ? ಅಪ್ಪ ಮನೆಗೆ ಬರಬೇಡ ಅಂದರು. ಹಾಗಾದರೆ ರಾತ್ರಿ ಊಟ ಬಾಯ್ಲರ್ ಮನೆಗೇ ತಂದುಬಿಡು. ಅಲ್ಲೇ ಬೆಚ್ಚಗೆ ಮಲಗುತ್ತೀನಿ. ಬೆಳಿಗ್ಗೆ ಅಪ್ಪನೇ ಬಂದು ಏಳಿಸಲಿ" ಎಂದರು. ನಿಮ್ಮ ಹಾಗೆ ಕೆಮ್ಮಿ ತೋರಿಸಿದರು. ಹಾಗೆ ನಗುತ್ತಲೇ ಮೆಟ್ಟಿಲು ಇಳಿದು ಹೋದರು.

ಆ ಮಾತು ಅವರಿಗೆ ಸ್ವಲ್ಪವೂ ತಾಕಿರಲಿಲ್ಲ, ಮಾವ. ಅಂಕ ಕಡಿಮೆಯಾಗುತ್ತದೆ ಎಂದು ಬಹುಶಃ ಅವರಿಗೆ ಗೊತ್ತಿತ್ತು. ಆದರೂ ಅವರು ಹತ್ತಿದ್ದು ವಾಪಸ್ ಬರುವ ಬಸ್ಸು. ಮನೆಗೇ ಬರುತ್ತಿದ್ದರು.

ಇದನ್ನು ಎರಡು ವರ್ಷ ನಿಮಗೆ ಹೇಳಲಿಲ್ಲ. ಹೇಳಿದರೆ ನಿಮಗೆ ಹಗುರಾಗುತ್ತದೆ ಎಂದು ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ. ದಿನಾ ನಿಮಗೆ ಬಡಿಸಿದೆ, ಮಾತ್ರೆ ಎತ್ತಿಟ್ಟೆ, ಬಟ್ಟೆ ಒಗೆದೆ. ಇದೊಂದನ್ನು ಮಾತ್ರ ಕೊಡಲಿಲ್ಲ. ನೀವು ಅಂಗಳದಲ್ಲಿ ಚಪ್ಪಲಿ ಬಿಡುವ ಜಾಗ ನೋಡುತ್ತಾ ನಿಲ್ಲುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ನಿಲ್ಲಲಿ ಅಂದುಕೊಳ್ಳುತ್ತಿದ್ದೆ.

ಈ ಪತ್ರವನ್ನು ಅಕ್ಕನೇ ಓದಿ ಹೇಳಬೇಕು, ಬೇರೆ ದಾರಿ ಇಲ್ಲ. ಅಕ್ಕ, ನನ್ನ ಬಗ್ಗೆ ನಿನಗೆ ಏನನ್ನಿಸಿದರೂ ಸರಿ, ಒಂದಕ್ಷರ ಬಿಡದೆ ಓದು.

ನಿಮ್ಮ ಸೊಸೆ

ಜನವರಿ ೨೭

ಸೊಸೆಯಮ್ಮನಿಗೆ,

ಓದಿದೆ. ಒಂದಕ್ಷರ ಬಿಡಲಿಲ್ಲ. ಬಿಡೋಣ ಅನ್ನಿಸಿದ ಕಡೆಯೂ ಬಿಡಲಿಲ್ಲ. ನನಗೆ ಏನನ್ನಿಸಿತು ಅಂತ ಇಲ್ಲಿ ಬರೆಯಲ್ಲ. ಗಂಡ ಹೋದ ಮನೆಯಲ್ಲಿ ನಾನೂ ಇದ್ದವಳೇ.

ಇಲ್ಲಿಯ ಸುದ್ದಿ ಮೊದಲು ಹೇಳಿಬಿಡ್ತೀನಿ. ಆಪರೇಷನ್ ಕೋಣೆಗೆ ಬೀಗ ಬಿತ್ತು. ಹೆರಿಗೆ ಕಷ್ಟ ಅನ್ನಿಸಿದವರನ್ನು ಆ ತಿರುವಿನ ರಸ್ತೆಯಲ್ಲೇ ಮೂರು ಗಂಟೆ ನಿನ್ನ ಕಡೆಗೆ ಕಳಿಸ್ತಾರೆ. ಬಟ್ಟೆ ಗಂಟೂ ದಿನ ಬಿಟ್ಟು ದಿನ ವ್ಯಾನಿನಲ್ಲಿ ಅಲ್ಲಿಗೇ ಹೋಗಿ ಬರುತ್ತೆ. ನನಗೆ ಬರೀ ಮಡಿಸೋ ಕೆಲಸ. ದೊಡ್ಡ ಡಾಕ್ಟರು ಬೇರೆ ಕಡೆ ಹೋಗ್ತಾರಂತೆ. "ಒಂದೇ ಒಂದು ಸಹಿ ಇದ್ದಿದ್ದರೆ ಸಾಕಿತ್ತು" ಅಂತ ನನ್ನ ಹತ್ತಿರ ಹೇಳಿ ಕನ್ನಡಕ ಒರೆಸಿಕೊಂಡರು.

ಯಜಮಾನರು ಗೋಡೆ ಹಿಡಿದು ಓಡಾಡ್ತಾರೆ. ಬೆಳಿಗ್ಗೆ ನಾನು ಆಸ್ಪತ್ರೆಗೆ ಬರೋವಾಗ ಕರ್ಕೊಂಡು ಬಂದು ಬಿಸಿಲಲ್ಲಿ ಕೂರಿಸ್ತೀನಿ. ಮೊನ್ನೆ ಅಲ್ಲೇ ಕೂರಿಸಿ ಓದಿದ್ದು.

ಅವನು ಅಡುಗೆಮನೆ ಬಾಗಿಲಿಗೆ ಬಂದ ಜಾಗಕ್ಕೆ ಬಂದಾಗ "ನಿಲ್ಲು" ಅಂದರು. ನಿಲ್ಲಿಸಿದೆ. "ಮತ್ತೆ ಓದು" ಅಂದರು. ಓದಿದೆ. ಕೆಮ್ಮಿ ತೋರಿಸಿದ ಅನ್ನೋದು ಬಂದಾಗ ಮೂಗಿನಲ್ಲಿ ಒಂದು ಥರ ಸದ್ದು ಮಾಡಿದರು. ನಗು ಅಂದುಕೊಂಡೆ. ತಲೆ ಎತ್ತಿ ನೋಡಿದರೆ ನಗು ಅಲ್ಲ. ನನಗೂ ಮುಂದೆ ಓದೋಕೆ ಆಗಲಿಲ್ಲ. ವ್ಯಾನಿನವನು ಬಂದು ಹಾರನ್ ಹೊಡೆದು ಹೊಡೆದು ತಾನೇ ಗಂಟು ಹೊತ್ತುಕೊಂಡು ಹೋದ.

ಆಮೇಲೆ ಕೊನೆಯವರೆಗೂ ಓದಿದೆ. ನೀನು ಕಿಟಕಿಯಿಂದ ನೋಡ್ತಿದ್ದೆ ಅನ್ನೋದನ್ನೂ. ಬೇಜಾರಾದ ಹಾಗೆ ಕಾಣಲಿಲ್ಲ. "ಉತ್ತರ ಏನು ಬರೀಲಿ ಯಜಮಾನರೇ?" ಅಂದೆ.

"ಅವತ್ತು ರಾತ್ರಿ ಅವನ ಊಟಕ್ಕೆ ಅವಳು ಏನು ಮಾಡಿದ್ದಳು, ಕೇಳು" ಅಂದರು.

ಅಷ್ಟೇ ಹೇಳಿದ್ದು. ಅಷ್ಟನ್ನೇ ಬರೆದಿದ್ದೀನಿ. ಇದಕ್ಕೆ ನೀನು ಪತ್ರ ಬರೆದರೆ ನಾನು ಓದಲ್ಲ ಕಣೇ. ರಜ ಸಿಕ್ಕ ದಿನ ಬಂದು ನೀನೇ ಹೇಳು.

ಇಸ್ತ್ರಿ ಅಕ್ಕ